ಬಿಳಿ ಪರದೆಯ ಹಿಂದಿನ ನೊರೆಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಕೂತಿದೆ, ಅದನ್ನು ಯಾರೂ ಇನ್ನೂ ತುಳಿದಿಲ್ಲ. ಮೈದಾನದ ಒಂದು ತುದಿಯಲ್ಲಿ, ಎದೆಮಟ್ಟದ ಗೋಡೆಯ ಆಚೆ, ಸಿಮೆಂಟಿನ ತೊಟ್ಟಿಯ ಪಕ್ಕ ಹೆಂಗಸೊಬ್ಬರು ಬಟ್ಟೆಯೊಂದರ ಜೊತೆ ಗುದ್ದಾಡುತ್ತಿದ್ದಾರೆ. ಸಾಮಾನ್ಯ ಬಟ್ಟೆಯಲ್ಲ ಅದು. ಹಾಸಿದರೆ ಒಂದು ಮನೆಯ ಗೋಡೆಯನ್ನೇ ಮುಚ್ಚೀತು. ಒದ್ದೆಯಾಗಿ ಭಾರವಾಗಿದೆ. ಒಂದು ತುದಿ ಎತ್ತಿದರೆ ಇನ್ನೊಂದು ಜಾರುತ್ತದೆ, ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದ ಮಗು ಮೈ ಸಡಿಲ ಬಿಡುವ ಹಾಗೆ.

"ಏಳೇ ತಾಯಿ, ಏಳು. ಇವತ್ತೊಂದಿನ ಮರ್ಯಾದೆ ಉಳಿಸು," ಎನ್ನುತ್ತಾರೆ ಅವರು ಬಟ್ಟೆಗೆ.

ಬಟ್ಟೆಯ ಆ ತುದಿ ಹಿಡಿದು ನಿಂತ ಸೊಸೆ ನಗುತ್ತಾಳೆ. "ನನ್ನನ್ನು ಎಬ್ಬಿಸುವಾಗ ಇಷ್ಟು ಮುದ್ದು ಮಾಡಲ್ಲ ನೀವು."

"ನೀನು ಕಲೆಯಾದ್ರೆ ಯಾರೂ ಆಟ ನಿಲ್ಲಿಸಲ್ಲ ಕಣೇ."

ಆಮೇಲೆ ಇಬ್ಬರೂ ಬಟ್ಟೆಯನ್ನು ಮೊದಲ ಬೆಳಕಿಗೆ ಅಡ್ಡ ಹಿಡಿಯುತ್ತಾರೆ. ಹೆಂಗಸು ಬಾಗಿ, ಮತ್ತೆ ಎದ್ದು, ಒಂದೊಂದೇ ಮೊಳ ಪರೀಕ್ಷಿಸುತ್ತಾರೆ. ಹಕ್ಕಿಗಳಿಗೆ ಈ ಬಟ್ಟೆ ಕಂಡರೆ ಅದೇನು ಪ್ರೀತಿಯೋ, ಎಲ್ಲ ಬಿಟ್ಟು ಇದರ ಮೇಲೆಯೇ ಗುರುತು ಹಾಕಿ ಹೋಗುತ್ತವೆ. ಒಂದು ಕಲೆ ಉಳಿದಿದ್ದರೂ, ಅದು ಚೆಂಡಿನಷ್ಟೇ ಇದ್ದರೂ ಕೆಲಸ ಕೆಟ್ಟಂತೆ. ಇವತ್ತು ಏನೂ ಉಳಿದಿಲ್ಲ. ಹಗ್ಗ ಪೋಣಿಸಿ, ಗೋಡೆಯಾಚೆ ಮೈದಾನದ ಅಂಚಿನಲ್ಲಿರುವ ಕಬ್ಬಿಣದ ಚೌಕಟ್ಟಿಗೆ ಅದನ್ನು ಎಳೆದು ಕಟ್ಟುತ್ತಾರೆ. ಉಳಿದದ್ದನ್ನು ಗಾಳಿ ಒಣಗಿಸುತ್ತದೆ.

ಇವರೇ ನೊರೆಯಮ್ಮ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ಆ ಹೆಸರಿನಿಂದ ಕರೆದರೆ ತಾವೇ ತಿರುಗಿ ನೋಡುವುದಿಲ್ಲವಂತೆ. ಕ್ಲಬ್ಬಿನ ಆಟಗಾರರಿಗೆಲ್ಲ ಇವರು ನೊರೆಯಮ್ಮ. ಅವರ ಬಿಳಿ ಅಂಗಿ, ಬಿಳಿ ಪ್ಯಾಂಟು, ಅಂಪೈರುಗಳ ಉದ್ದನೆಯ ಕೋಟು, ಈ ದೊಡ್ಡ ಪರದೆ, ಎಲ್ಲವೂ ಮೂವತ್ತು ವರ್ಷದಿಂದ ಇದೇ ತೊಟ್ಟಿಯಲ್ಲಿ ಮಿಂದೆದ್ದು ಹೋಗಿವೆ. ಇವತ್ತು ಈ ಋತುವಿನ ಕೊನೆಯ ಪಂದ್ಯ. ಸಂಜೆಯಾಗುವ ಹೊತ್ತಿಗೆ ಈ ಕೆಲಸ ಮನೆಯಲ್ಲಿ ಉಳಿಯುತ್ತದೋ, ಮುಖ್ಯರಸ್ತೆಯ ಯಂತ್ರದ ಲಾಂಡ್ರಿಗೆ ಹೋಗುತ್ತದೋ ತೀರ್ಮಾನವಾಗುತ್ತದೆ. ಅದಕ್ಕೇ ಬಟ್ಟೆಯ ಹತ್ತಿರ ಮರ್ಯಾದೆಯ ಮಾತು.

ಮದುವೆಯಾಗಿ ಈ ಮನೆಗೆ ಬಂದಾಗ ನೊರೆಯಮ್ಮನಿಗೆ ಕ್ರಿಕೆಟ್ಟಿನ ಗಂಧಗಾಳಿ ಇರಲಿಲ್ಲ. ಗಂಡ ಮೈದಾನದಲ್ಲಿ ರೋಲರ್ ಎಳೆಯುವ ಕೆಲಸದಲ್ಲಿದ್ದರು. ನೆಲವನ್ನು ಹಲಗೆಯಷ್ಟು ಸಪಾಟು ಮಾಡಿ, ಅದರ ಮೇಲೆ ಬೇರೆಯವರು ಆಡುವುದನ್ನು ನೋಡಿ, ಮನೆಗೆ ಬಂದು ಊಟ ಮಾಡಿ ಮಲಗುತ್ತಿದ್ದರು. "ಅವರಿಗೆ ಮಾತು ಅಂದ್ರೆ ಖರ್ಚು. ಇವತ್ತು ಏನಾಯ್ತು ಅಂದ್ರೆ 'ಆಡಿದ್ರು' ಅನ್ನೋರು. ಅಷ್ಟೇ. ಹೋಗುವಾಗ್ಲೂ ಹಾಗೇ, ಒಂದು ಮಾತು ಹೇಳ್ದೆ ಹೋಗ್ಬಿಟ್ರು," ಎಂದು ಈಗಲೂ ತಮಾಷೆಯ ದನಿಯಲ್ಲೇ ಹೇಳುತ್ತಾರೆ. ಹೇಳಿದ ಮೇಲೆ ಸ್ವಲ್ಪ ಹೊತ್ತು ಸೋಪಿನ ಡಬ್ಬಿಯ ಮುಚ್ಚಳ ಸರಿ ಮಾಡುತ್ತಾರೆ.

ಅವರಿಗೆ ಆಟ ಕಲಿಸಿದ್ದು ಕೋಟಿನ ತಾತ. ಆಗಿನ ಕಾಲದ ಅಂಪೈರ್. ತಾತನ ಹತ್ತಿರ ಇದ್ದದ್ದು ಒಂದೇ ಬಿಳಿ ಕೋಟು. ಪಂದ್ಯದ ಹಿಂದಿನ ದಿನ ತಂದು ಒಗೆಯಲು ಕೊಟ್ಟು, ಒಣಗುವ ತನಕ ಬನಿಯನ್ನಿನಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿರುತ್ತಿದ್ದರು. ಸುಮ್ಮನೆ ಕೂರುವ ಜಾಯಮಾನವಲ್ಲ. ಬಟ್ಟೆ ಹಿಂಡುವ ಹೊಸ ಹೆಂಗಸಿಗೆ ಆಟದ ನಿಯಮ ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದರು; ಕೋಟು ಒಣಗಿತೆಂದರೆ ಅರ್ಧದಲ್ಲೇ ಎದ್ದು, ತೋಳು ತೂರಿಸಿಕೊಂಡು ಹೊರಟುಬಿಡುತ್ತಿದ್ದರು.

"ಅದಕ್ಕೇ ನೋಡಿ, ಬಿಸಿಲಿದ್ದ ದಿನ ಕಡಿಮೆ ಕಲಿತೆ, ಮೋಡ ಇದ್ದ ದಿನ ಜಾಸ್ತಿ ಕಲಿತೆ. ಕಾಲಿಗೆ ಚೆಂಡು ಬಡಿದು ಔಟಾಗೋದಿದ್ಯಲ್ಲ, ಅದು ತಲೆಗೆ ಹತ್ತೋಕೆ ಒಂದು ಮಳೆಗಾಲವೇ ಬೇಕಾಯ್ತು," ಎನ್ನುತ್ತಾರೆ ನೊರೆಯಮ್ಮ.

ಕೆಲಸ ನೋಡಲು ಸುಲಭ. ಪಂದ್ಯಕ್ಕೆ ಹನ್ನೆರಡು ಜೊತೆ ಬಟ್ಟೆ: ಆಡುವವರು ಹನ್ನೊಂದು, ಯಾರಾದರೂ ಬಿದ್ದು ಕಾಲು ಉಳುಕಿಸಿಕೊಂಡರೆ ಇರಲಿ ಎಂದು ಇನ್ನೊಬ್ಬ. ಆದರೆ ಬೌಲರುಗಳು ಚೆಂಡನ್ನು ತೊಡೆಗೆ ಉಜ್ಜಿ ಉಜ್ಜಿ ಹೊಳಪು ಕೊಡುತ್ತಾರೆ, ಚೆಂಡಿನ ಕೆಂಪು ಪ್ಯಾಂಟಿಗೆ ಹತ್ತುತ್ತದೆ. ಅದಕ್ಕೆ ಬಿಸಿನೀರು ಸೋಕಿದರೆ ಆ ಕೆಂಪು ಜನ್ಮಕ್ಕೂ ಬಿಡುವುದಿಲ್ಲ. ತಣ್ಣೀರೇ ಆಗಬೇಕು, ತಾಳ್ಮೆಯೂ ಬೇಕು. ಬ್ಯಾಟ್ ಮಾಡುವವರ ಅಂಗಿಗೆ ಗಂಜಿ ಹಾಕಿದರೆ ಠೀವಿಯಿಂದ ನಡೆಯುತ್ತಾರೆ, ಬೌಲರಿನ ಅಂಗಿಗೆ ಹಾಕಿದರೆ ಕಂಕುಳು ಕೆರೆದುಕೊಂಡು ಬೈಯುತ್ತಾನೆ. ಇದೆಲ್ಲ ಮಾಡುತ್ತ ಮಾಡುತ್ತ ನೊರೆಯಮ್ಮನ ಬಲಭುಜ ಕೈಕೊಟ್ಟಿದೆ. ಈಗ ತೋಳು ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ತಲೆ ಬಾಚುವಾಗ ತೋಳನ್ನು ಎತ್ತುವ ಬದಲು ತಲೆಯನ್ನೇ ಬಗ್ಗಿಸಿಕೊಳ್ಳುತ್ತಾರೆ.

ಹೀಗಾಗಿ ಹೋದ ವರ್ಷ ಮದುವೆಯಾಗಿ ಬಂದ ಸೊಸೆಯ ಕೈಗೆ ತೊಟ್ಟಿ ಬಂತು. ಬೇಕರಿಯ ವ್ಯಾನು ಓಡಿಸುವ ಮಗನಿಗೆ ಕ್ರಿಕೆಟ್ ಎಂದರೆ ವ್ಯಾನಿನ ಗಾಜು ಒಡೆದ ಆಟ, ಅಷ್ಟೇ. ಸೊಸೆಯ ತವರಿನಲ್ಲಂತೂ ಯಾರೂ ಬ್ಯಾಟು ಮುಟ್ಟಿದವರಲ್ಲ. ಗೋಡೆಯಾಚೆ ದಿನವಿಡೀ ನಡೆಯುವ ಕೂಗಾಟವನ್ನು ಅವಳು ಕಿವಿಯ ಮೇಲೆ ಹಾಕಿಕೊಂಡವಳೇ ಅಲ್ಲ. ಆದರೆ ಕೈ ಚುರುಕು. ಅತ್ತೆ ಹೇಳಿದ್ದನ್ನು ಹೇಳಿದ ಹಾಗೆ ಕಲಿತಳು. ತಣ್ಣೀರು, ನೀಲಿ, ಗಂಜಿ, ಮಡಿಕೆ. ನೊರೆಯಮ್ಮ ನಿಟ್ಟುಸಿರು ಬಿಟ್ಟು ಮೋರಿಯ ಕಟ್ಟೆಯ ಮೇಲೆ ಕೂತರು.

ಆಗ ಬಂತು ಕೆಂಪು ಹೊದಿಕೆಯ ಭಾನುವಾರ.

ಅವತ್ತು ಬ್ಯಾಟ್ ಮಾಡುತ್ತಿದ್ದದ್ದು ಕ್ಲಬ್ಬಿನ ಕ್ಯಾಪ್ಟನ್. ವಾರವೆಲ್ಲ ಮನೆಮನೆಗೆ ಹೋಗಿ ಕರೆಂಟಿನ ವೈರು ಎಳೆಯುವ ಮನುಷ್ಯ. ಬೆಳಗಿನಿಂದ ಬೇರೂರಿದ ಮರದ ಹಾಗೆ ನಿಂತು ಆಡಿದ್ದ. ಇನ್ನೊಂದು ಗಂಟೆ ನಿಂತರೆ ಪಂದ್ಯ ಗೆದ್ದ ಹಾಗೆ. ಇತ್ತ ಸೊಸೆಗೆ ಒಳ್ಳೆಯ ಬಿಸಿಲು ಕಂಡಿತು. ಮದುವೆಗೆ ಬಂದ ದಪ್ಪನೆಯ ಕೆಂಪು ಹೊದಿಕೆ ಒಗೆದು, ಕೆಳಗಿನ ಹಗ್ಗದಲ್ಲಿ ಜಾಗ ಸಾಲದೆ ತಾರಸಿಯ ಮೇಲೆ ಹರವಿದಳು. ತಾರಸಿ ಇರುವುದು ಬಿಳಿ ಪರದೆಯ ನೇರ ಹಿಂದೆ, ಅದಕ್ಕಿಂತ ತುಸು ಎತ್ತರದಲ್ಲಿ. ಎದುರಾಳಿಗಳ ಕಡೆಯ ಉದ್ದನೆಯ ಬೌಲರ್ ಓಡಿಬಂದು ಕೈ ಬೀಸಿದ. ಚೆಂಡು ಅವನ ಕೈ ಬಿಟ್ಟದ್ದೇ ಕೆಂಪು ಹೊದಿಕೆಯ ಎದುರು. ಕೆಂಪಿನೊಳಗೆ ಕೆಂಪು ಸೇರಿ ಚೆಂಡು ಮಾಯ. ಮತ್ತೆ ಕಂಡಾಗ ಕ್ಯಾಪ್ಟನ್ನಿನ ನಡುಗೂಟ ಮಲಗಿತ್ತು.

ಅವನು ಬ್ಯಾಟು ಹಿಡಿದುಕೊಂಡೇ ನೇರ ಗೋಡೆಯ ಹತ್ತಿರ ಬಂದ.

"ಯಾರದ್ರೀ ಅದು ಮೇಲೆ, ಕೆಂಪಂದು?"

ಸೊಸೆಯ ಮುಖ ಅರಳಿತು. "ನಂದೇ. ಚೆನ್ನಾಗಿದ್ಯಲ್ವಾ? ಮದುವೇಲಿ ಚಿಕ್ಕಮ್ಮ ಕೊಟ್ಟಿದ್ದು."

ಕ್ಯಾಪ್ಟನ್ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಹೊದಿಕೆಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ, ಹಾಗೇ ಹೊರಟುಹೋದ. ಅವನ ಹಿಂದೆಯೇ ಬಂದ ಕ್ಲಬ್ಬಿನ ಕಾರ್ಯದರ್ಶಿಗೆ ಮಾತಿಗೆ ಬರವಿರಲಿಲ್ಲ. "ಏನಮ್ಮ ನೊರೆಯಮ್ಮ, ಬಿಳಿ ಬಟ್ಟೆ ಒಗೆಯೋರ ಮನೆ ಮೇಲೇನೇ ಕೆಂಪು ಬಾವುಟ ಹಾರಿಸ್ತೀರಾ?" ಎಂದು ಶುರು ಮಾಡಿ, ನಿಮ್ಮ ಭುಜವೂ ಹೋಯಿತು, ಹೊಸ ಹುಡುಗಿಗೆ ತಲೆಬುಡ ಗೊತ್ತಿಲ್ಲ, ಮುಖ್ಯರಸ್ತೆಯಲ್ಲಿ ಯಂತ್ರದ ಲಾಂಡ್ರಿ ಬಂದಿದೆ ಎಂದು ಒಂದೇ ಉಸಿರಿನಲ್ಲಿ ಮುಗಿಸಿದರು. "ಕೊನೇ ಪಂದ್ಯ ಆಗ್ಲಿ. ಆಮೇಲೆ ಕೂತು ಮಾತಾಡೋಣ." ಕೂತು ಮಾತಾಡೋಣ ಎಂದರೆ ಏನೆಂದು ಅರ್ಥವಾಗದಷ್ಟು ಚಿಕ್ಕವರಲ್ಲ ನೊರೆಯಮ್ಮ. ಮಗನ ಸಂಬಳ ಮನೆ ಬಾಡಿಗೆಗೆ ಸರಿಹೋಗುತ್ತದೆ; ಒಲೆ ಉರಿಯುವುದು ಈ ತೊಟ್ಟಿಯಿಂದ.

ಅವರು ಹೋದ ಮೇಲೆ ಸೊಸೆ ಮುಖ ಊದಿಸಿಕೊಂಡಳು. "ಒಂದು ಹೊದಿಕೆಗೆ ಇಷ್ಟು ರಂಪಾನಾ ಅತ್ತೆ? ಹೇಳಿದ್ರೆ ತೆಗೀತಿದ್ದೆ. ಗೂಟ ಬಿತ್ತು ಅಂದ್ರೆ ಎತ್ತಿ ನೆಟ್ಕೊಂಡು ಮತ್ತೆ ಆಡೋದಪ್ಪ!"

"ಬೈಯೋಕೆ ಅಂತಲೇ ಬಾಯಿ ತೆಗೆದಿದ್ದೆ," ಎನ್ನುತ್ತಾರೆ ನೊರೆಯಮ್ಮ. "ಈ ಮಾತು ಕೇಳಿ ನಗು ಬಂತು. ಪಾಪ, ಸೋಪು ಹೇಳ್ಕೊಟ್ಟಿದ್ದೆ, ನೀಲಿ ಹೇಳ್ಕೊಟ್ಟಿದ್ದೆ. ಆಟ ಯಾರು ಹೇಳ್ಕೊಡ್ಬೇಕು?"

ಮರುದಿನ ಬಟ್ಟೆ ಒಣಹಾಕುವ ಹೊತ್ತಿಗೆ ಪಾಠ ಶುರುವಾಯಿತು. ಹಿತ್ತಲಿನ ಹುಲ್ಲಿನ ಮೇಲೆ ನೊರೆಯಮ್ಮ ಒಂದು ಉದ್ದನೆಯ ಟವಲ್ಲು ಹಾಸಿದರು. ಅದರ ಎರಡೂ ತುದಿಗೆ ಬಟ್ಟೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಮೂರು ಮೂರರಂತೆ ನೆಟ್ಟರು. ತುದಿಗೊಂದು ಪ್ಯಾಂಟು ಮಲಗಿಸಿದರು. ಸುತ್ತ ಹನ್ನೊಂದು ಅಂಗಿ ಹರಡಿದರು. ಕೆಂಪು ಸೋಪಿನ ಸವೆದ ತುಂಡು ಚೆಂಡಾಯಿತು.

"ಈ ಟವಲ್ಲು ಪಿಚ್ಚು. ಈ ಪ್ಯಾಂಟಿದ್ಯಲ್ಲ, ಇವನು ಬ್ಯಾಟು ಹಿಡಿದೋನು. ಇವನಿಗೆ ಎರಡೇ ಕೆಲಸ. ಹಿಂದಿರೋ ಗೂಟ ಕಾಯೋದು, ಚೆಂಡು ಹೊಡೆದು ರನ್ನು ಮಾಡೋದು."

"ಆ ಕಡೆ ಪ್ಯಾಂಟು?"

"ಅವನು ಜೊತೆಗಾರ. ಇವನು ಹೊಡೆದ್ರೆ ಇಬ್ಬರೂ ಓಡ್ಬೇಕು. ಇವನು ಅಲ್ಲಿಗೆ, ಅವನು ಇಲ್ಲಿಗೆ. ಇಬ್ಬರೂ ಮುಟ್ಟಿದ್ರೆ ಒಂದು ರನ್ನು."

"ಒಬ್ಬ ಓಡಿದ, ಇನ್ನೊಬ್ಬ ಕದಲ್ಲಿಲ್ಲ ಅಂದ್ರೆ?"

"ಸಂಸಾರ ಕೆಟ್ಟಂಗೆ. ಅಷ್ಟರಲ್ಲಿ ಯಾರಾದ್ರೂ ಚೆಂಡು ಹಿಡಿದು ಗೂಟಕ್ಕೆ ಹೊಡೆದ್ರೆ ಒಬ್ಬ ಔಟು."

ಸೊಸೆ ಸುತ್ತಲಿನ ಅಂಗಿಗಳನ್ನು ಎಣಿಸಿದಳು. "ಇವರೆಲ್ಲ?"

"ಎದುರಾಳಿಗಳು. ಒಬ್ಬ ಚೆಂಡು ಎಸೀತಾನೆ, ಒಬ್ಬ ಗೂಟದ ಹಿಂದೆ ಕೂತು ಹಿಡೀತಾನೆ, ಉಳಿದೋರು ಚೆಂಡು ಹೋದ ಕಡೆ ಓಡ್ತಾರೆ."

"ಹನ್ನೊಂದು ಜನ ಇಬ್ಬರ ಮೇಲೆ ಬೀಳೋದಾ? ಇದ್ಯಾವ ನ್ಯಾಯ?"

"ತಾಳೇ. ಇವರ ಕಡೆ ಹತ್ತು ಜನ ಔಟಾಗ್ಲಿ, ಆಮೇಲೆ ಅವರು ಬ್ಯಾಟು ಹಿಡೀತಾರೆ, ಇವರು ಸುತ್ತ ನಿಲ್ತಾರೆ. ಯಾರು ರನ್ನು ಜಾಸ್ತಿ ಮಾಡಿದ್ರೋ ಅವರು ಗೆದ್ರು. ಚೆಂಡು ಉರುಳ್ಕೊಂಡು ಮೈದಾನದ ಗೆರೆ ದಾಟಿದ್ರೆ ಓಡೋದೇ ಬೇಡ, ನಾಲ್ಕು ರನ್ನು. ಗಾಳೀಲೇ ದಾಟಿದ್ರೆ ಆರು."

"ನಮ್ಮ ಬಚ್ಚಲಿನ ಹಂಚಿನ ಮೇಲೆ ಬಿದ್ದಿತ್ತಲ್ಲ ಹೋದ ತಿಂಗಳು, ಅದು?"

"ಅದು ಅವರಿಗೆ ಆರು, ನಮಗೆ ಒಂದು ಹಂಚು."

ಆರು ಚೆಂಡಿಗೆ ಒಂದು ಓವರು; ಅದಾದ ಮೇಲೆ ಇನ್ನೊಬ್ಬ ಬಂದು ಆ ತುದಿಯಿಂದ ಎಸೆಯುತ್ತಾನೆ ಎಂದಾಗ ಸೊಸೆಗೆ ಆಟದ ಮೇಲೆ ಮೊದಲ ಸಲ ಗೌರವ ಬಂತು. "ಬುದ್ಧಿವಂತರು ಕಣತ್ತೆ. ನೀವೂ ಹೀಗೇ ಮಾಡಿದ್ರೆ ಭುಜ ಉಳೀತಿತ್ತು. ಆರು ಬಟ್ಟೆ ನೀವು, ಆರು ಬಟ್ಟೆ ಮಾವ."

"ನಿಮ್ಮ ಮಾವ ಆರು ಬಟ್ಟೆ ಒಗೆಯೋದು ನೋಡೋಕೆ ಟಿಕೆಟ್ಟು ಇಡ್ಬೇಕಾಗ್ತಿತ್ತು."

ಔಟಾಗುವ ಬಗೆಗಳು ಬಂದವು. ಚೆಂಡು ಗೂಟಕ್ಕೆ ಬಡಿದರೆ ಔಟು. ಹೊಡೆದ ಚೆಂಡು ನೆಲ ಮುಟ್ಟುವ ಮೊದಲೇ ಯಾರಾದರೂ ಹಿಡಿದರೆ ಔಟು. ಗೂಟಕ್ಕೆ ಹೋಗುತ್ತಿದ್ದ ಚೆಂಡಿಗೆ ಕಾಲು ಅಡ್ಡ ಬಂದರೂ ಔಟು.

"ಕಾಲು ಇಲ್ದಿದ್ರೆ ಗೂಟಕ್ಕೇ ಬಡೀತಿತ್ತು ಅಂತ ಹೇಳೋರು ಯಾರು?"

"ಕೋಟಿನವರು."

"ಅವರಿಗೆ ಹೇಗೆ ಗೊತ್ತು?"

"ಗೊತ್ತಿರೋರ ಹಾಗೆ ನಿಂತಿರ್ತಾರೆ ಕಣೇ. ಅದೇ ಕಷ್ಟದ ಕೆಲಸ."

ಸೊಸೆ ನಕ್ಕಳು. ಆಮೇಲೆ ಪ್ಯಾಂಟಿನ ಹತ್ತಿರ ಕೂತು, "ಔಟಾದೋನು ಏನ್ಮಾಡ್ತಾನೆ? ಮತ್ತೆ ಯಾವಾಗ ಬರ್ತಾನೆ?" ಎಂದಳು.

"ಬರಲ್ಲ. ಅವನ ಸರದಿ ಮುಗೀತು. ಹೋಗಿ ಕೂತ್ಕೋತಾನೆ."

"ಒಂದೇ ತಪ್ಪಿಗಾ?"

"ಒಂದೇ ತಪ್ಪಿಗೆ."

ನೊರೆಯಮ್ಮ ಎದ್ದು ಒಳಗಿನಿಂದ ಆ ಕೆಂಪು ಹೊದಿಕೆ ತಂದರು. ಸೊಸೆಯನ್ನು ಟವಲ್ಲಿನ ಆ ತುದಿಗೆ ನಿಲ್ಲಿಸಿ, ಹೊದಿಕೆಯನ್ನು ತಮ್ಮ ಹೆಗಲ ಮೇಲೆ ಇಳಿಬಿಟ್ಟು, ಅದರ ಮುಂದೆ ಸೋಪಿನ ತುಂಡು ಹಿಡಿದರು. "ಕಾಣುತ್ತಾ?" ಸೊಸೆ ಕಣ್ಣು ಕಿರಿದು ಮಾಡಿದಳು. ಹೊದಿಕೆ ತೆಗೆದು ಬಿಳಿ ದುಪ್ಪಟಿ ಇಳಿಬಿಟ್ಟರು. ಸೋಪು ಹಣೆಯ ಮೇಲಿನ ಬೊಟ್ಟಿನಷ್ಟು ಸ್ಪಷ್ಟ. "ಚೆಂಡು ಅಲ್ಲಿಂದ ಇಲ್ಲಿಗೆ ಬರೋದ್ರೊಳಗೆ ರೆಪ್ಪೆ ಒಂದ್ಸಲ ಮುಚ್ಚಿ ತೆರೆಯೋಕೂ ಆಗಲ್ಲ. ಅದಕ್ಕೆ ಎಸೆಯೋನ ಕೈ ಹಿಂದೆ ಬಿಳಿ ಇರ್ಬೇಕು. ಅದಕ್ಕೇ ಈ ಪರದೆ, ಅದಕ್ಕೇ ನಾವು."

"ಹಾಗಾದ್ರೆ ಆ ವೈರಿನ ಅಣ್ಣ ತಪ್ಪೇ ಮಾಡಿರಲಿಲ್ಲ," ಎಂದಳು ಸೊಸೆ. "ತಪ್ಪು ನಾನು ಮಾಡ್ದೆ. ಎದ್ದು ಹೋಗಿದ್ದು ಅವರು."

ಸೊಸೆ ಹೊದಿಕೆಯನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ಚಳಿಗೆ ಮಗ ಗೊಣಗಿದರೂ ಅದು ಹೊರಗೆ ಬರಲಿಲ್ಲ.

ಈಗ ಮತ್ತೆ ಇವತ್ತಿನ ಪಂದ್ಯ. ಬೆಳಿಗ್ಗೆ ಬ್ಯಾಟ್ ಮಾಡಿದ ಕ್ಲಬ್ಬಿನವರು ಹೇಳಿಕೊಳ್ಳುವಷ್ಟಲ್ಲದಿದ್ದರೂ ಮಾನ ಮುಚ್ಚುವಷ್ಟು ರನ್ನು ಮಾಡಿದ್ದಾರೆ. ಊಟದ ನಂತರ ಎದುರಾಳಿಗಳ ಸರದಿ. ಒಬ್ಬೊಬ್ಬರಾಗಿ ಔಟಾಗಿ ಹೋಗುತ್ತಿದ್ದಾರೆ, ಆದರೆ ಕನ್ನಡಕ ಹಾಕಿದ ಒಬ್ಬ ಮಾತ್ರ ಅಲ್ಲಾಡುತ್ತಿಲ್ಲ. ಅವನಿರುವ ತನಕ ಪಂದ್ಯ ಯಾರದೂ ಅಲ್ಲ. ಅತ್ತೆ ಸೊಸೆ ಪರದೆಯ ಬದಿಯಲ್ಲಿ ಗೋಡೆಗೆ ಗಲ್ಲ ಊರಿ ನೋಡುತ್ತಿದ್ದಾರೆ. ಸೊಸೆ ನೋಡುತ್ತಿರುವ ಮೊದಲ ಪಂದ್ಯ ಇದು. ಚೆಂಡು ಕಾಲಿಗೆ ಬಡಿದಾಗಲೆಲ್ಲ ಅವಳು ಕೋಟಿನವರ ಮುಖ ನೋಡುತ್ತಾಳೆ.

ಮಧ್ಯಾಹ್ನ ಇಳಿದ ಮೇಲೆ ಗಾಳಿ ಎದ್ದಿತು. ಪರದೆ ಹೊಟ್ಟೆ ಉಬ್ಬಿಸಿತು, ಒಳಗೆಳೆದುಕೊಂಡಿತು, ಮತ್ತೆ ಉಬ್ಬಿಸಿತು. ಮೇಲಿನ ಮೂಲೆಯ ಹಗ್ಗ ಪಟ್ಟೆಂದು ಹರಿಯಿತು. ಬಟ್ಟೆಯ ಒಂದು ಭಾಗ ನಾಯಿಯ ಕಿವಿಯ ಹಾಗೆ ಮಡಚಿ ಕೆಳಗೆ ಬಿತ್ತು. ಹಿಂದಿನ ಮನೆ, ನೀಲಿ ಬಾಗಿಲು, ತಾರಸಿಯ ನೀರಿನ ಟ್ಯಾಂಕು, ಎಲ್ಲ ಬಯಲಾಯಿತು. ಕನ್ನಡಕದವನು ಕೈಯೆತ್ತಿ ಪಕ್ಕಕ್ಕೆ ಸರಿದ. ಆಟ ನಿಂತಿತು.

"ಪರದೆ ಇಲ್ದಿದ್ರೆ ಏನಾಯ್ತು, ಆಡ್ಲಿ ಬಿಡಿ!" ಎಂದು ಕ್ಲಬ್ಬಿನ ಕಡೆಯಿಂದ ಯಾರೋ ಕೂಗಿದರು. ಬೆಳಕು ಕರಗುತ್ತಿತ್ತು. ಕಾಯಲು ಹೊತ್ತಿಲ್ಲ. ಹೊಸ ಹಗ್ಗ ಹುಡುಕಿ ಕಟ್ಟುವಷ್ಟರಲ್ಲಿ ಕತ್ತಲಾಗುತ್ತದೆ.

ನೊರೆಯಮ್ಮ ಅಭ್ಯಾಸಬಲದಿಂದ ಮೂಲೆಯ ಕಡೆ ತೋಳು ಎತ್ತಿದರು. ತೋಳು ಕಿವಿಯ ಹತ್ತಿರವೇ ನಿಂತುಬಿಟ್ಟಿತು. ಅಷ್ಟರಲ್ಲಿ ಸೊಸೆ ಗೋಡೆ ಹಾರಿ, ಆಚೆ ಇದ್ದ ಖಾಲಿ ನೀರಿನ ಡ್ರಮ್ಮು ಉರುಳಿಸಿಕೊಂಡು ಹೋಗಿ, ಅದನ್ನು ನಿಲ್ಲಿಸಿ, ಮೇಲೆ ಹತ್ತಿ ಬಟ್ಟೆಯ ಮೂಲೆಯನ್ನು ಚೌಕಟ್ಟಿನ ತುದಿಗೆ ಒತ್ತಿ ಹಿಡಿದಳು. ನೊರೆಯಮ್ಮ ಬಾಗಿಲಿನಿಂದ ಸುತ್ತಿಕೊಂಡು ಬಂದು ಎಡಗೈಯಲ್ಲಿ ಡ್ರಮ್ಮು ಹಿಡಿದುಕೊಂಡರು. ಅಂಪೈರ್ ದೂರದಿಂದ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಬೇಡವೆಂದು ತಲೆಯಾಡಿಸಿದರು. ಬಿಳಿಯ ಮೇಲಂಚಿನಲ್ಲಿ ಸೊಸೆಯ ಕಂದು ತೋಳು ಎದ್ದು ಕಾಣುತ್ತಿತ್ತು.

ನೊರೆಯಮ್ಮ ಏನೋ ಹೇಳಲು ಬಾಯಿ ತೆರೆದರು. ಹೇಳುವ ಮೊದಲೇ ಸೊಸೆ ಡ್ರಮ್ಮಿನಿಂದ ದುಡುಮ್ಮನೆ ಕೆಳಗೆ ಹಾರಿ ಹಿತ್ತಲಿಗೆ ಓಡಿದಳು. ಹಗ್ಗದ ಮೇಲೆ ಒಣಗುತ್ತಿದ್ದ, ಹನ್ನೆರಡನೆಯವನ ಉದ್ದ ತೋಳಿನ ಬಿಳಿ ಅಂಗಿ ಎಳೆದು, ತಲೆಯ ಮೇಲಿನಿಂದ ತೂರಿಸಿಕೊಂಡು, ಬೆರಳು ಮುಚ್ಚುವಂತೆ ತೋಳು ಇಳಿಬಿಟ್ಟುಕೊಂಡು ವಾಪಸ್ಸು ಬಂದಳು. ಹತ್ತಿ ನಿಂತಳು. ಬಿಳಿಯೊಳಗೆ ಬಿಳಿ ಸೇರಿತು. ಅಂಪೈರ್ ಕೈಬೀಸಿದರು. ಆಟ ಶುರುವಾಯಿತು.

ಪರದೆಯ ಹಿಂದಿನಿಂದ ಏನೂ ಕಾಣುವುದಿಲ್ಲ. ಕೇಳಿಸುತ್ತದೆ, ಅಷ್ಟೇ. ಹತ್ತಿರ ಬಂದು ನಿಂತ ಹೆಜ್ಜೆ. ಆಮೇಲೆ ಓಡುವ ದಪ್ಪ ಹೆಜ್ಜೆ. ಒಂದು ಉಸಿರು. ಮರಕ್ಕೆ ಚೆಂಡು ತಾಗಿದ ಸದ್ದು. ಸೊಸೆ ತುಟಿಯಲ್ಲೇ ಎಣಿಸುತ್ತಿದ್ದಳು. ಆರನೆಯದಾದ ಮೇಲೆ, "ಈಗ ಆ ಕಡೆಯಿಂದ ಎಸೀತಾರೆ," ಎಂದು ತಾನೇ ತೋಳು ಇಳಿಸಿ ಉಜ್ಜಿಕೊಂಡಳು. ಆ ಓವರು ಮುಗಿದದ್ದೇ ಮತ್ತೆ ಎತ್ತಿದಳು. ನೊರೆಯಮ್ಮ ಡ್ರಮ್ಮಿನ ಅಂಚು ಹಿಡಿದು ಮೇಲೆ ನೋಡುತ್ತಿದ್ದರು. ಅಂಗಿಯ ತುದಿ ಗಾಳಿಗೆ ಅವರ ಮುಖಕ್ಕೆ ಬಡಿಯುತ್ತಿತ್ತು.

ಎದುರಾಳಿಗಳಿಗೆ ಇನ್ನು ಬೇಕಾದದ್ದು ಬೆರಳೆಣಿಕೆಯ ರನ್ನು. ಕಾರ್ಯದರ್ಶಿ ಮೈದಾನದ ಸುತ್ತ ಬಳಸಿಕೊಂಡು ಪರದೆಯ ಹಿಂದೆ ಬಂದರು. ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಅಲ್ಲಮ್ಮ," ಎಂದರು ದನಿ ತಗ್ಗಿಸಿ, ಅರ್ಧ ನಗುತ್ತ, "ಇಷ್ಟು ಬಿಗಿಯಾಗಿ ಯಾಕೆ ಹಿಡೀತೀಯಾ? ಬ್ಯಾಟ್ ಮಾಡ್ತಿರೋನು ನಮ್ಮೋನಲ್ಲ. ಗಾಳಿ ಬೇರೆ ಜೋರು. ಒಂದು ಮೂಲೆ ಜಾರಿದ್ರೆ ಯಾರು ಕೇಳ್ತಾರೆ?"

ಸೊಸೆ ಕೆಳಗೆ ನೋಡಿದಳು. ಮೊದಲು ಕಾರ್ಯದರ್ಶಿಯನ್ನು, ಆಮೇಲೆ ಅತ್ತೆಯನ್ನು. ಮನೆಯ ಒಲೆ ಈ ಮನುಷ್ಯನ ಒಂದು ಮಾತಿನ ಮೇಲಿದೆ ಎನ್ನುವುದು ಇಬ್ಬರಿಗೂ ಗೊತ್ತು. ನೊರೆಯಮ್ಮ ನೆಲ ನೋಡುತ್ತ ಸುಮ್ಮನಿದ್ದರು.

ಯಾಕೆ ಸುಮ್ಮನಿದ್ದಿರಿ ಎಂದು ಆಮೇಲೆ ಕೇಳಿದರೆ, "ನಾನು ಹೇಳಿದ್ರೆ ಅದು ನನ್ನ ತೀರ್ಮಾನ ಆಗ್ತಿತ್ತು. ತೊಟ್ಟಿ ಈಗ ಅವಳದು, ತೀರ್ಮಾನ ಅವಳದೇ ಆಗ್ಬೇಕಿತ್ತು," ಎನ್ನುತ್ತಾರೆ.

ಸೊಸೆ ಮೂಲೆಯನ್ನು ಇನ್ನೊಂದು ಸುತ್ತು ಮುಷ್ಟಿಗೆ ಸುತ್ತಿಕೊಂಡಳು. "ಯಾರೇ ಆಗ್ಲಿ ಸಾರ್, ಔಟಾದ್ರೆ ವಾಪಸ್ ಬರೋ ಹಾಗಿಲ್ಲ ಅಲ್ವಾ? ಚೆಂಡು ನೋಡ್ಕೊಂಡೇ ಔಟಾಗ್ಲಿ."

ಅಷ್ಟರಲ್ಲಿ ಆಚೆ ಬೌಲರಿನ ಹೆಜ್ಜೆ ಶುರುವಾಯಿತು. ಕಾರ್ಯದರ್ಶಿಯೂ ಕಿವಿಗೊಟ್ಟು ನಿಂತರು. ಸದ್ದು ಬಂತು. ಗೂಟ ಬಿದ್ದ ಸದ್ದಲ್ಲ, ಬ್ಯಾಟಿನ ನಡುವಿನಿಂದ ಹೊರಟ ತುಂಬು ಸದ್ದು. ಅದರ ಬೆನ್ನಿಗೇ ಕೂಗು. ಕೂಗು ಎದ್ದದ್ದು ಎದುರಾಳಿಗಳ ಡೇರೆಯ ಕಡೆಯಿಂದ. ಕ್ಲಬ್ಬಿನ ಕಡೆ ಯಾರೋ ಒಬ್ಬರು ಚಪ್ಪಾಳೆ ತಟ್ಟಿ, ಜೊತೆ ಸಿಗದೆ ನಿಲ್ಲಿಸಿದರು. ಕಾರ್ಯದರ್ಶಿ ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡು ಹೋದರು.

ಸೊಸೆ ಇಳಿದಳು.

"ಸೋತ್ವಾ ಅತ್ತೆ?"

"ಸೋತ್ವಿ."

"ನನ್ನಿಂದಾನಾ?"

"ನೀನ್ಯಾವಾಗ ಬ್ಯಾಟು ಹಿಡಿದೆ? ಅವನ ಬ್ಯಾಟಿನಿಂದ."

ಇಬ್ಬರೂ ಮನೆಯ ಮೆಟ್ಟಿಲ ಮೇಲೆ ಕೂತರು. ಮಗ ಬಂದು ವ್ಯಾನು ನಿಲ್ಲಿಸಿ, ಗಂಡಸರ ಅಂಗಿ ತೊಟ್ಟು ಕೂತ ಹೆಂಡತಿಯನ್ನು ನೋಡಿ ಏನೋ ಕೇಳಲು ಹೋಗಿ, ಅಮ್ಮನ ಮುಖ ನೋಡಿ ಒಳಗೆ ಹೋದ. ಪಂದ್ಯ ಮುಗಿದ ಮೇಲೆ ಪ್ರತಿಸಲ ಬರುವ ಕೊಳೆಬಟ್ಟೆಯ ಗಂಟು ಬರಲಿಲ್ಲ. ಆಟಗಾರರ ಬೈಕುಗಳು ಒಂದೊಂದಾಗಿ ಹೊರಟವು. ನೊರೆಯಮ್ಮ ಎದ್ದು ತೊಟ್ಟಿಯ ನೀರು ಬಿಡಲು ಬಿರಡೆಗೆ ಕೈ ಹಾಕಿದರು.

ಆಗ ಗೋಡೆಯ ಮೇಲಿನಿಂದ ಗಂಟು ಬಂದು ದೊಪ್ಪನೆ ಬಿತ್ತು. ಗೋಡೆಗೆ ಮೊಣಕೈ ಊರಿ ಕ್ಯಾಪ್ಟನ್ ನಿಂತಿದ್ದ.

"ಲೇಟಾಯ್ತು ನೊರೆಯಮ್ಮ. ಒಳಗೆ ಮೀಟಿಂಗು. ನನ್ನ ಪ್ಯಾಂಟಿನ ಜೇಬಲ್ಲಿ ಕರೆಂಟಿನ ಟೆಸ್ಟರ್ ಇದೆ, ನೋಡಿ ತೆಗೆದಿಡಿ. ಹೋದ್ಸಲ ಒಗೆದು ಇಸ್ತ್ರಿನೂ ಮಾಡ್ಬಿಟ್ಟಿದ್ರಿ." ಆಮೇಲೆ ಸೊಸೆಯ ಕಡೆ ತಿರುಗಿದ. "ಮುಂದಿನ ಋತುವಿಗೆ ಪರದೆಗೆ ಹೊಸ ಹಗ್ಗ ತರ್ಬೇಕಂತೆ. ನೂಲಿಂದೋ ನೈಲಾನೋ, ನಿಮ್ಮನ್ನೇ ಕೇಳ್ಕೊಂಡು ಬಾ ಅಂದ್ರು ಕಾರ್ಯದರ್ಶಿ. ಮುಖ ಮಾತ್ರ ಹರಳೆಣ್ಣೆ ಕುಡಿದಂಗಿತ್ತು."

"ನೈಲಾನ್ ಬೇಡ, ಜಾರುತ್ತೆ," ಎಂದಳು ಸೊಸೆ. ಸ್ವಲ್ಪ ತಡೆದು, "ಅಣ್ಣಾ, ಅವತ್ತಿನ ಹೊದಿಕೆ..." ಎಂದಳು.

"ಚಿಕ್ಕಮ್ಮ ಕೊಟ್ಟಿದ್ದಲ್ವಾ? ಚೆನ್ನಾಗಿತ್ತು. ಸೋಮವಾರ ಒಣಗಿಸಿ," ಎಂದು ಕ್ಯಾಪ್ಟನ್ ಹೊರಟ.

ನೊರೆಯಮ್ಮ ಬಿರಡೆಯಿಂದ ಕೈ ತೆಗೆದು ತೊಟ್ಟಿಗೆ ಇನ್ನೆರಡು ಬಕೆಟ್ಟು ತಣ್ಣೀರು ತುಂಬಿಸಿದರು. ಸೊಸೆ ಗಂಟು ಬಿಚ್ಚಿ ಮೊದಲು ಟೆಸ್ಟರ್ ಹುಡುಕಿದಳು. ಕೆಂಪು ಹತ್ತಿದ ಪ್ಯಾಂಟುಗಳನ್ನು ಒಂದು ಕಡೆ, ಹುಲ್ಲು ಹತ್ತಿದವನ್ನು ಇನ್ನೊಂದು ಕಡೆ ಹಾಕಿದಳು. ಅತ್ತೆ ಒಂದು ಪ್ಯಾಂಟು ಎತ್ತಿಕೊಳ್ಳಲು ಬಾಗಿದರೆ, "ನಿಮ್ಮ ಓವರು ಮುಗೀತು, ಕೂತ್ಕೊಳ್ಳಿ," ಎಂದು ಕೈಯಿಂದ ಕಿತ್ತುಕೊಂಡಳು.

ಅವರು ಕೂತರು. ಇಷ್ಟು ವರ್ಷ ದುಡಿದ ಮೇಲೆ ಮನಸ್ಸಿನಲ್ಲಿ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ನೊರೆಯಮ್ಮ ಮೊದಲು ಇಲ್ಲವೆನ್ನುತ್ತಾರೆ. ಆಮೇಲೆ ಮೈದಾನದ ಆ ತುದಿಯ ಕಡೆ, ಕತ್ತಲು ಕವಿಯುತ್ತಿರುವ ಕಲ್ಲುಬೆಂಚುಗಳ ಕಡೆ ಗದ್ದ ತೋರಿಸುತ್ತಾರೆ.

"ಮುಂದಿನ ಸಲ ಅಲ್ಲಿ ಹೋಗಿ ಕೂರ್ಬೇಕು. ಈ ಕಡೆ ಹೇಗೂ ಇವಳಿದ್ದಾಳೆ. ಆಟ ನೋಡೋಕಲ್ಲ, ಆಟ ಎಲ್ಲಿಂದ ಬೇಕಾದ್ರೂ ನೋಡ್ಬಹುದು. ನಾವು ಒಗೆದ ಪರದೆ ದೂರದಿಂದ ಹೇಗೆ ಕಾಣುತ್ತೆ ಅಂತ ಒಂದ್ಸಲ ನೋಡ್ಬೇಕು."